ಕಾಲೇಜು ಗೇಟಿನೆದುರಿನ ಸುವಾರ್ತೆ: ಮಂಗಳೂರಿನ ಒಂದು ಪ್ರಕರಣ ಅಧ್ಯಯನ

ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿದರೆ ಕೊಣಾಜೆಯ ವಿಶ್ವವಿದ್ಯಾನಿಲಯದವರೆಗೂ ಕಾಲೇಜು, ಆಸ್ಪತ್ರೆ, ಹಾಸ್ಟೆಲುಗಳು ಒಂದರ ಬೆನ್ನಿಗೆ ಒಂದು ಸಿಗುತ್ತವೆ. ಈ ಭಾಗದ ಕಾಲೇಜೊಂದರ ಕ್ರೈಸ್ತ ವಿದ್ಯಾರ್ಥಿಗಳು ಗೇಟಿನ ಎದುರಿನ ಬಸ್ ತಂಗುದಾಣದಲ್ಲಿ ಒಂದು ಸಂಜೆ ಬಯಲು ಸುವಾರ್ತೆ, ಅಂದರೆ ಬಯಲಿನಲ್ಲಿ ನಿಂತು ಕ್ರಿಸ್ತನ ಸಂದೇಶ ಸಾರುವುದನ್ನು, ನಡೆಸಲು ಹೋಗಿ, ಅದು ಅರ್ಧ ಗಂಟೆಯೊಳಗೆ ಗಲಾಟೆಯಲ್ಲಿ ಮುಗಿದು, ರಾತ್ರಿ ಪೊಲೀಸ್ ಠಾಣೆಯಲ್ಲಿ ಮುಚ್ಚಳಿಕೆ ಬರೆದುಕೊಡುವ ಹಂತಕ್ಕೆ ಬಂದ ಪ್ರಕರಣ ಇದು. ಕೆಲವು ಹೆತ್ತವರ ಮತ್ತು ಅವರ ಸಭಾಪಾಲಕರ (ಪಾದ್ರಿಗಳ) ಕೋರಿಕೆಯ ಮೇರೆಗೆ ನಾನು ಎರಡೂ ಕಡೆಯವರನ್ನು ಕಂಡು ಮಾತನಾಡಿದ್ದೆ. ಆಗ ಬರೆದಿಟ್ಟುಕೊಂಡ ಟಿಪ್ಪಣಿಗಳೇ ಈ ಬರಹಕ್ಕೆ ಆಧಾರ. ಕಾಲೇಜಿನ ಹೆಸರನ್ನೂ ವಿದ್ಯಾರ್ಥಿಗಳ ಹೆಸರನ್ನೂ ಬಿಟ್ಟಿದ್ದೇನೆ. ನಾನು ಬಹುಕಾಲ ಪಾಠ ಹೇಳಿ ನಿವೃತ್ತನಾದವನು, ನಗರದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಸದಸ್ಯ. ಸುವಾರ್ತೆಯನ್ನು ನಂಬುವವನು, ಅದನ್ನು ಸಾರಬೇಕೆಂದೂ ನಂಬುವವನು. ಓದುಗರು ಇದನ್ನು ತಿಳಿದುಕೊಂಡೇ ಮುಂದಕ್ಕೆ ಓದಬೇಕೆಂದು ನನ್ನ ಅಪೇಕ್ಷೆ.

ಈ ವಿದ್ಯಾರ್ಥಿಗಳ ಪ್ರಾರ್ಥನಾ ಕೂಟ ಹೊಸದೇನೂ ಆಗಿರಲಿಲ್ಲ. ವಾರಕ್ಕೊಮ್ಮೆ ತರಗತಿಗಳು ಮುಗಿದ ಮೇಲೆ ಕಾಲೇಜು ಕೊಟ್ಟ ಕೊಠಡಿಯಲ್ಲಿ ಸೇರಿ ಹಾಡಿ, ವೇದಪಾಠ (ಬೈಬಲಿನ ಭಾಗ) ಓದಿ, ಪರೀಕ್ಷೆಗೂ ಮನೆಯವರ ಕಾಯಿಲೆಗೂ ಪ್ರಾರ್ಥಿಸಿ ಎದ್ದುಹೋಗುತ್ತಿದ್ದರು. ಹೆಚ್ಚಿನವರು ಕೇರಳದವರು ಮತ್ತು ಈಶಾನ್ಯ ರಾಜ್ಯಗಳವರು. ಗದಗ ಕಡೆಯ ಒಬ್ಬ ಹುಡುಗ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಕಾಲದಿಂದ ಸಭೆಯಲ್ಲಿರುವ ಮನೆತನದವನು. ಊರಿನವಳೆಂದರೆ ತುಳು ಮನೆಮಾತಿನ ಒಬ್ಬಳೇ ಹುಡುಗಿ. ಹಾಡು ಚೆನ್ನಾಗಿರುತ್ತದೆಂದು ಹಿಂದೂ, ಮುಸ್ಲಿಂ ಸಹಪಾಠಿಗಳೂ ಆಗಾಗ ಬಂದು ಹಿಂದಿನ ಬೆಂಚಿನಲ್ಲಿ ಕೂತುಹೋಗುವುದಿತ್ತು, ಅದಕ್ಕೆ ಯಾರೂ ಎಂದೂ ಆಕ್ಷೇಪ ತೆಗೆದದ್ದಿಲ್ಲ.

ಹೀಗಿರುವಾಗ ಹೊರರಾಜ್ಯದ ಬೋಧಕರೊಬ್ಬರು ಬಂದು ವಾರಾಂತ್ಯದ ತರಬೇತಿ ನಡೆಸಿದರು. ಬಯಲಿನಲ್ಲಿ ನಿಂತು ಜನ ಸೇರಿಸುವುದು, ಎರಡು ಹಾಡಿನ ನಂತರ ಒಬ್ಬನ ಸಾಕ್ಷಿ (ತನ್ನ ಬದುಕಿನ ಅನುಭವ ಹೇಳುವುದು), ಆಮೇಲೆ ಪಾಪ, ನರಕ, ಶಿಲುಬೆ, ರಕ್ಷಣೆ ಎಂಬ ಕ್ರಮದಲ್ಲಿ ಬಾಯಿಪಾಠ ಮಾಡಿದ ಸಂದೇಶ, ಕೊನೆಗೆ ಕೈ ಎತ್ತುವಂತೆ ಕರೆ ಮತ್ತು ಕರಪತ್ರ, ಇದು ಅವರು ಕಲಿಸಿದ ವಿಧಾನ. ಮಧ್ಯೆ ಯಾರಾದರೂ ಮಾತು ಹಾಕಿದರೆ ನಿಲ್ಲಿಸಬಾರದು, ದನಿ ಏರಿಸಿ ಮುಂದುವರಿಯಬೇಕು ಎಂದೂ ಹೇಳಿದ್ದರಂತೆ. ಊರಿನ ಹುಡುಗಿ ಗುಂಪಿನ ಹಿರಿಯ ವಿದ್ಯಾರ್ಥಿಯ ಹತ್ತಿರ, "ಅಣ್ಣ, ಇಲ್ಲಿ ಹಾಗೆಲ್ಲ ಮಾಡ್ಲಿಕ್ಕೆ ಆಗುದಿಲ್ಲ, ನಮ್ಮ ಕ್ಲಾಸಿನವರೇ ಅಲ್ವಾ ಅವರೆಲ್ಲ" ಎಂದು ಹೇಳಿ ನೋಡಿದಳು. ಅದು ಅವಳ ಅಂಜಿಕೆಯೆಂದು ಎಲ್ಲರೂ ತೀರ್ಮಾನಿಸಿ, ಅವಳಿಗಾಗಿ ಪ್ರಾರ್ಥನೆಯನ್ನೂ ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಟ್ಟ ವಿವರ ಇದು, ಏಕೆಂದರೆ ಆ ನೆಲವನ್ನು ಬಲ್ಲ ಒಬ್ಬಳ ಮಾತನ್ನು ವಿಶ್ವಾಸದ ಕೊರತೆಯ ಲೆಕ್ಕಕ್ಕೆ ಹಾಕಿ ಬದಿಗಿಟ್ಟದ್ದು ಅಲ್ಲಿಯೇ.

ಸಂಜೆ ಐದರ ಸುಮಾರಿಗೆ, ಬಸ್ಸುಗಳು ಬಂದು ನಿಂತು ಕಂಡಕ್ಟರುಗಳು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುವ ಹೊತ್ತಿನಲ್ಲಿ, ಗಿಟಾರು ಮತ್ತು ಚಾರ್ಜಿನ ಮೇಲೆ ನಡೆಯುವ ಒಂದು ಸ್ಪೀಕರು ಹಿಡಿದುಕೊಂಡು ಹತ್ತು ಹದಿನೈದು ಮಂದಿ ತಂಗುದಾಣದ ಬದಿಯಲ್ಲಿ ನಿಂತರು. ಹಿಂದಿ ಹಾಡಿಗೆ ಜನ ನಿಂತು ಕೇಳಿದರು, ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಅನಂತರ ಕನ್ನಡದಲ್ಲಿ ಮಾತನಾಡಲು ಗದಗಿನ ಹುಡುಗ ಮೈಕು ತೆಗೆದುಕೊಂಡ. ತನ್ನ ತಂದೆಯ ಕುಡಿತ, ತಾಯಿ ಹೊಲಿಗೆ ಯಂತ್ರದ ಮೇಲೆ ಮನೆ ನಡೆಸಿದ್ದು, ತಾನು ಪಿಯುಸಿಯಲ್ಲಿ ಓದು ಬಿಟ್ಟು ಗ್ಯಾರೇಜಿಗೆ ಸೇರಿದ್ದು, ಒಬ್ಬ ಸಭಾಪಾಲಕರು ಪುನಃ ಕರೆದು ಓದಿಸಿದ್ದು, ಇಷ್ಟನ್ನು ಅವನು ತನ್ನ ಊರಿನ ಕನ್ನಡದಲ್ಲಿ, ಯಾವ ಅಲಂಕಾರವೂ ಇಲ್ಲದೆ ಹೇಳಿದ. ಆ ಹೊತ್ತು ಎಲ್ಲರೂ ಕೇಳುತ್ತಿದ್ದರೆಂದು, ಮುಂದೆ ಜಗಳಕ್ಕೆ ನಿಂತ ವಿದ್ಯಾರ್ಥಿಗಳೇ ನನ್ನಲ್ಲಿ ಒಪ್ಪಿಕೊಂಡಿದ್ದಾರೆ.

ಸಾಕ್ಷಿ ಮುಗಿದು ಬಾಯಿಪಾಠದ ಭಾಗ ಆರಂಭವಾದಾಗ ಅವನ ಭಾಷೆಯೇ ಬದಲಾಯಿತು. ವಿಗ್ರಹಗಳನ್ನು ಪೂಜಿಸಿದವರ, ಸತ್ಯವನ್ನು ಅರಿಯದೆ ಸತ್ತುಹೋದ ಪೂರ್ವಜರ ಗತಿಯ ಬಗ್ಗೆ ಕಲಿಸಿಕೊಟ್ಟಿದ್ದ ವಾಕ್ಯಗಳು ಒಂದರ ಮೇಲೊಂದು ಬಂದವು. ಆಗ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಮುಂದೆ ಬಂದು ತುಳುವಿನಲ್ಲಿ, "ಎನ್ನ ಅಜ್ಜಿ ಓಡೆ ಪೋಯೆರ್?" ಎಂದು ಕೇಳಿದ. ಮೈಕು ಹಿಡಿದವನಿಗೆ ತುಳು ಬಾರದು. ಅದನ್ನು ಅಡ್ಡಿಯೆಂದು ತಿಳಿದು, ಕಲಿತಂತೆಯೇ ದನಿ ಏರಿಸಿದ. ಕೇಳಿದವನು ಕನ್ನಡದಲ್ಲಿ, "ನನ್ನ ಅಜ್ಜಿ ಎಲ್ಲಿಗೆ ಹೋದ್ರು? ಅದನ್ನು ಹೇಳಿ ಮೊದಲು" ಎಂದ. ನಂಬದೆ ಸತ್ತವರಿಗೆ ತೀರ್ಪು ಆಗಿಹೋಗಿದೆ ಎಂಬ ಸಿದ್ಧವಾಕ್ಯ ಸ್ಪೀಕರಿನಿಂದ ಇಡೀ ರಸ್ತೆಗೆ ಕೇಳಿಸಿತು. ಅಲ್ಲಿಂದ ಮುಂದಿನದನ್ನು ವಿವರಿಸಬೇಕಾದ್ದಿಲ್ಲ. ಯಾರೋ ಸ್ಪೀಕರು ಕಿತ್ತುಕೊಂಡರು, ಕರಪತ್ರಗಳು ಹರಿದು ಚರಂಡಿಗೆ ಬಿದ್ದವು, ಫೋನು ಹೋದ ಕೂಡಲೇ ಕಾಲೇಜಿಗೆ ಸಂಬಂಧವೇ ಇಲ್ಲದ ಕೆಲವರು ಬೈಕಿನಲ್ಲಿ ಬಂದಿಳಿದರು, ಗಿಟಾರು ಹಿಡಿದಿದ್ದವನಿಗೆ ಪೆಟ್ಟು ಬಿತ್ತು. ಪೊಲೀಸರು ಹಾಡಿದವರನ್ನು ಜೀಪಿನಲ್ಲಿ ಕರೆದೊಯ್ದರು, ಹೊಡೆದವರನ್ನು ಕೇಳಿದವರಿಲ್ಲ. ವಾರ್ಡನ್ ಬಂದು ಮುಚ್ಚಳಿಕೆಗೆ ಸಹಿ ಹಾಕಿಸಿ ಬಿಡಿಸಿಕೊಂಡು ಬರುವಾಗ ರಾತ್ರಿಯಾಗಿತ್ತು. ಮರುದಿನ ಕಾಲೇಜು ಕೊಠಡಿಯನ್ನು ವಾಪಸು ತೆಗೆದುಕೊಂಡಿತು.

ಪ್ರಶ್ನೆ ಕೇಳಿದ ಹುಡುಗನನ್ನು ಕಂಡಾಗ ತಿಳಿದದ್ದು ಇಷ್ಟು. ಅವನನ್ನು ಸಾಕಿದ್ದು ಅಜ್ಜಿ. ಬೀಡಿ ಕಟ್ಟಿ, ಆ ದುಡ್ಡಿನಲ್ಲಿ ಶಾಲೆಗೆ ಕಳುಹಿಸಿದವರು. ಅವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ತುಳುನಾಡಿನ ಮನೆಗಳಲ್ಲಿ ತೀರಿಕೊಂಡವರು ಮನೆಯ ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಹಿರಿಯರಿಗೆ ಬಡಿಸುವ ದಿನ ದೂರದ ಊರಿನಲ್ಲಿರುವವರೂ ಮನೆಗೆ ಬಂದು ಸೇರುತ್ತಾರೆ, ಸತ್ತವರಿಗೆ ಇಷ್ಟವಾದದ್ದನ್ನು ಬಾಳೆಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕಾದು, ಆಮೇಲೆ ತಾವು ಉಣ್ಣುತ್ತಾರೆ. ಆ ಹುಡುಗ ಕೆಲವು ತಿಂಗಳ ಹಿಂದಷ್ಟೇ ಅಜ್ಜಿಗೆ ಮೊದಲ ಬಾರಿ ಹಾಗೆ ಬಡಿಸಿದ್ದ. ಅವನು ಯಾವ ಸಂಘಟನೆಯವನೂ ಆಗಿರಲಿಲ್ಲ, ಗಲಾಟೆ ಎಬ್ಬಿಸಲು ಬಂದವನೂ ಆಗಿರಲಿಲ್ಲ. "ನನಗೆ ನಿಜವಾಗಿ ಗೊತ್ತಾಗ್ಬೇಕಿತ್ತು ಸರ್, ಇವರು ಎಂತ ಹೇಳ್ತಾರೆ ಅಂತ" ಎಂದು ಅವನು ನನ್ನಲ್ಲಿ ಹೇಳಿದ. ಆ ಸಂಜೆ ಅಲ್ಲಿ ನೆರೆದಿದ್ದವರಲ್ಲಿ ಸಂದೇಶವನ್ನು ಮನಸ್ಸಿಗೆ ಹಚ್ಚಿಕೊಂಡು ಕೇಳಿದವನು ಅವನೊಬ್ಬನೇ, ಅವನನ್ನೇ ವಿರೋಧಿಯೆಂದು ಎಣಿಸಲಾಯಿತು.

ನನ್ನ ವಾದ ಇರುವುದು ಇಲ್ಲಿ. ಬಯಲಿನಲ್ಲಿ ನಿಂತು ಮಾತನಾಡಿದ್ದನ್ನು ನಾನು ತಪ್ಪೆಂದು ಹೇಳಲಾರೆ. ಕೇಳುಗನಿಗೆ ಮಾತನಾಡಲು ಜಾಗವೇ ಇಲ್ಲದ ರೀತಿಯಲ್ಲಿ ಮಾತನಾಡಿದ್ದು ತಪ್ಪು. ವಿದ್ಯಾರ್ಥಿಯೆಂದರೆ ಪ್ರಶ್ನೆ ಕೇಳುವುದನ್ನೇ ಕಲಿಯಲು ಬಂದವನು. ಅವನ ಮುಂದೆ ನಿಂತು, ಅವನ ಪ್ರಶ್ನೆಯನ್ನು ಮೀರಿ ಕೇಳಿಸುವಷ್ಟು ಸದ್ದು ಮಾಡುವ ಸುವಾರ್ತೆ, ತಾನು ಸಾರುವ ಪ್ರೀತಿಯನ್ನು ತಾನೇ ಅಲ್ಲಗಳೆದಂತೆ.

ಕಾನೂನಿನ ವಿಷಯದಲ್ಲಿ ಎರಡೂ ಕಡೆಯವರು ಅರ್ಧ ತಿಳಿದು ಮಾತನಾಡಿದರು. ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. 'ಪ್ರಸಾರ' ಎಂಬ ಮಾತು ಅಲ್ಲಿ ಉಳಿಯಬೇಕೇ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಟಿ.ಟಿ. ಕೃಷ್ಣಮಾಚಾರಿಯವರು, ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದರೂ ತಮ್ಮನ್ನು ಮತಾಂತರಿಸುವ ಪ್ರಯತ್ನ ನಡೆದಿಲ್ಲವೆಂದು ಹೇಳಿ ಅದನ್ನು ಬೆಂಬಲಿಸಿದ್ದರು. ಮಂಗಳೂರಿನಲ್ಲೇ ಹುಟ್ಟಿದ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜ ಅವರೂ ಆ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಆದರೆ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಸಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ತಿಳಿಸುವ ಹಕ್ಕು, ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರೊಳಗೆ ಸೇರುವುದಿಲ್ಲ ಎಂದು ತೀರ್ಪಿತ್ತಿತು.

ಆಕ್ಷೇಪಿಸಿದವರು ಮುಂದಿಟ್ಟದ್ದು 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು. ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆ ಮುಂತಾದವುಗಳಿಂದ ನಡೆಸುವ ಮತಾಂತರವನ್ನು ಅದು ಅಪರಾಧವೆನ್ನುತ್ತದೆ. ಸಾಮಾನ್ಯವಾಗಿ 3ರಿಂದ 5 ವರ್ಷ ಸಜೆ. ಅಪ್ರಾಪ್ತ ವಯಸ್ಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ 10 ವರ್ಷದವರೆಗೂ ಹೋಗಬಹುದು. ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಹೀನವಾಗಿ ಚಿತ್ರಿಸುವುದನ್ನೂ ಆ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ತಂದಿದೆ. ಧರ್ಮಗಳ ನಡುವಿನ ಪ್ರಾಮಾಣಿಕ ವಾದಕ್ಕೂ ಅಪರಾಧದ ಬಣ್ಣ ಬಳಿಯಲು ಎಡೆಮಾಡುವ ಈ ಭಾಗ ನ್ಯಾಯವಲ್ಲವೆಂದು ನಾನು ನಂಬುತ್ತೇನೆ. ಏನೇ ಇದ್ದರೂ ತಂಗುದಾಣದಲ್ಲಿ ಯಾರೂ ಮತಾಂತರವಾಗಲಿಲ್ಲ, ಯಾರಿಗೂ ಏನನ್ನೂ ಕೊಡುವುದಾಗಿ ಹೇಳಿರಲಿಲ್ಲ. ಜಮಖಂಡಿಯಲ್ಲಿ ದೇವಸ್ಥಾನದ ಬಳಿ ಇಸ್ಲಾಮಿನ ಕರಪತ್ರ ಹಂಚಿದ ಮೂವರ ಮೇಲೆ ಇದೇ ಕಾಯ್ದೆಯಡಿ ಹೂಡಿದ್ದ ಪ್ರಕರಣವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2025ರಲ್ಲಿ ರದ್ದುಪಡಿಸಿದ್ದು ಇದೇ ತರ್ಕದ ಮೇಲೆ. ನಮ್ಮ ಪ್ರಕರಣದಲ್ಲಿ ಪೊಲೀಸರು ಈ ಕಾಯ್ದೆಯಡಿ ದೂರು ದಾಖಲಿಸಲೂ ಇಲ್ಲ.

ನಿಜವಾದ ಲೋಪ ಇದ್ದದ್ದು ಯಾರೂ ಗಮನಿಸದ ಕಡೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ಆಸ್ಪತ್ರೆ, ವಿದ್ಯಾಸಂಸ್ಥೆಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಆ ನಿಯಮಗಳು ಅವಕಾಶ ಕೊಡುತ್ತವೆ. ಆ ತಂಗುದಾಣದ ಒಂದು ಬದಿಗೆ ಕಾಲೇಜು, ಇನ್ನೊಂದು ಬದಿಗೆ ಆಸ್ಪತ್ರೆ. ಅನುಮತಿ ಕೇಳಬೇಕೆಂಬ ಯೋಚನೆಯೇ ತರಬೇತಿ ಕೊಟ್ಟವರಿಗೆ ಬಂದಿರಲಿಲ್ಲ. ಜೊತೆಗೆ ಅದೇ ತಂಗುದಾಣದಲ್ಲಿ ಪಿಯು ಕಾಲೇಜಿನ, ಹದಿನೆಂಟು ತುಂಬದ ಮಕ್ಕಳೂ ಬಸ್ಸಿಗೆ ಕಾಯುತ್ತಾರೆ. ಅವರ ಕೈಗೂ ಕರಪತ್ರ ಹೋಗಿತ್ತು. ಕಾನೂನಿನ ಮಾತು ಬದಿಗಿರಲಿ, ಬೇರೆಯವರ ಮಕ್ಕಳಿಗೆ ಹೆತ್ತವರ ಅರಿವಿಲ್ಲದೆ ಧರ್ಮಬೋಧೆ ಮಾಡಬಾರದೆಂಬುದು ನಾವು ನಮ್ಮ ಮಕ್ಕಳ ವಿಷಯದಲ್ಲಿ ಬಯಸುವ ಮರ್ಯಾದೆಯೇ ಆಗಿದೆ.

ಬಯಲು ಸುವಾರ್ತೆ ಈ ಊರಿಗೆ ಹೊಸತೇ ಎಂದರೆ, ಇಲ್ಲ. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಹೆಬಿಕ್ ಜಾತ್ರೆಗಳಲ್ಲಿ ನಿಂತು ಸಾರಿದವರು, ಬೈಗುಳ ತಿಂದವರು. ಆದರೆ ಈ ಊರಿನ ವಿದ್ಯಾರ್ಥಿಗಳ ನಡುವೆ ಮಿಶನ್ನಿನ ಮಾತು ಆಳಕ್ಕಿಳಿದದ್ದು ಬೇರೆ ದಾರಿಯಲ್ಲಿ. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಕನ್ನಡ ಕಲಿತು, ಶಾಲೆಯಲ್ಲಿ ಪಾಠ ಹೇಳಿ, ಕನ್ನಡ ಗ್ರಂಥಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿ, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದವರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿಣ್ಯ ಎಂಬ ಹದಿನೆಂಟರ ಸಾರಸ್ವತ ಯುವಕ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕೋಲಾಹಲವೇ ಎದ್ದಿತು. ಒಂದು ಮನೆತನ ಮಗನನ್ನು ಕಳೆದುಕೊಂಡೆವೆಂದು ಸಂಕಟಪಟ್ಟದ್ದನ್ನು ನಮ್ಮ ಸಭೆಯವರು ಲಘುವಾಗಿ ಹೇಳಬಾರದು. ಕೌಂಡಿಣ್ಯರು ಮುಂದೆ ಬಾಸೆಲಿನಲ್ಲಿ ಓದಿ, 1851ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದು, ಇದೇ ನಾಡಿನಲ್ಲಿ ದುಡಿದು 1893ರಲ್ಲಿ ತೀರಿಕೊಂಡರು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇಷ್ಟೇ: ಸರಿಯೋ ತಪ್ಪೋ, ಮೊಗ್ಲಿಂಗರು ಹೇಳಿದ್ದಕ್ಕೆ ಮರುದಿನ ಉತ್ತರ ಕೊಡಲು ಅದೇ ಊರಿನಲ್ಲಿ ಇರುತ್ತಿದ್ದರು. ನಮ್ಮ ಪ್ರಕರಣದ ಬೋಧಕರು ಗಲಾಟೆಯ ಸುದ್ದಿ ಮುಟ್ಟುವ ಮೊದಲೇ ರೈಲು ಹತ್ತಿದ್ದರು.

ತರಬೇತಿಯಲ್ಲಿ 1739ರ ಇಂಗ್ಲೆಂಡಿನ ಉದಾಹರಣೆಯನ್ನು ಬಹಳ ಹೇಳಲಾಗಿತ್ತಂತೆ. ವಿಟ್‌ಫೀಲ್ಡ್ ಮತ್ತು ವೆಸ್ಲಿ ಎಂಬ ಬೋಧಕರು ಬ್ರಿಸ್ಟಲ್ ಸಮೀಪ ಬಯಲಿಗೆ ಇಳಿದದ್ದು ನಿಜ. ಅವರ ಮುಂದಿದ್ದವರು ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕಾರ್ಮಿಕರು, ಚರ್ಚು ಎಂದೂ ಲೆಕ್ಕಕ್ಕೆ ಹಿಡಿಯದ ಜನ. ಬೇರೆ ಯಾವ ವಿಧದಲ್ಲೂ ಅವರನ್ನು ಮುಟ್ಟಲು ಸಾಧ್ಯವಿರಲಿಲ್ಲ ಎಂಬುದೇ ಆ ವಿಧಾನಕ್ಕಿದ್ದ ಸಮರ್ಥನೆ. ಇಲ್ಲಿ ಸಾರಿದವರೂ ಕೇಳಿದವರೂ ಒಂದೇ ಮೆಸ್ಸಿನಲ್ಲಿ ಊಟ ಮಾಡುವವರು, ಒಂದೇ ಪ್ರಯೋಗಾಲಯದಲ್ಲಿ ಪಕ್ಕಪಕ್ಕ ನಿಲ್ಲುವವರು. ದಿನವೂ ಹತ್ತಿರ ಕೂತು ಮಾತನಾಡಬಹುದಾದವನೊಂದಿಗೆ ರಸ್ತೆಯ ಆಚೆ ಬದಿಯಿಂದ ಸ್ಪೀಕರಿನಲ್ಲಿ ಮಾತನಾಡುವುದೇಕೆ? ಅಪೊಸ್ತಲ ಪೌಲನನ್ನೇ ತೆಗೆದುಕೊಂಡರೂ, ಗ್ರೀಸಿನ ಅಥೇನೆಯ ಪೇಟೆಯಲ್ಲಿ ಅವನು ದಿನದಿನವೂ ಎದುರು ಸಿಕ್ಕಿದವರ ಸಂಗಡ ವಾದಿಸಿದ, ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತನಾಡಿದ, ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆಂದರು.

ಹೆತ್ತವರ ಭಯವನ್ನು ಎರಡು ಮಾತಿನಲ್ಲಾದರೂ ಹೇಳಬೇಕು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು, ಉಡುಪಿ ಕಡೆಯ ಚರ್ಚುಗಳ ಮೇಲೆ ನಡೆದ ದಾಳಿಗಳನ್ನು ಕಂಡವರು ಇನ್ನೂ ನಡುವಯಸ್ಸಿನಲ್ಲಿದ್ದಾರೆ. ಹೊಸ ಪಂಗಡವೊಂದರ ಪ್ರಚಾರಸಾಹಿತ್ಯದ ಮೇಲಿನ ಸಿಟ್ಟೆಂದು ಹೇಳಿದ್ದು, ಮಿಲಾಗ್ರಿಸ್ ಚರ್ಚಿನ ಸಮೀಪದ ಕ್ಯಾಥೊಲಿಕ್ ಮಠದ ಪ್ರಾರ್ಥನಾಲಯದಲ್ಲಿ ಪ್ರಾರ್ಥಿಸಿಕೊಂಡಿದ್ದ ಸನ್ಯಾಸಿನಿಯರ ಮೇಲೂ ಬಿತ್ತು. ಊರಿನ ಹುಡುಗಿಯ ಅಂಜಿಕೆ ಎಂದದ್ದರ ಹಿಂದೆ ಅವಳ ತಾಯಿ ಹೇಳಿದ ಆ ದಿನದ ನೆನಪಿತ್ತು. ದಾಳಿಗೆ ಯಾವ ಕರಪತ್ರವೂ ಸಮರ್ಥನೆಯಾಗದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊರಗಿನಿಂದ ಬಂದವನ ಮಾತಿಗೆ ಬೆಲೆ ತೆರುವವರು ಇಲ್ಲಿಯೇ ಉಳಿಯುವವರು ಎಂಬುದೂ ಅಷ್ಟೇ ನಿಜ.

ಬೋಧಕರೊಂದಿಗೆ ನಾನು ಫೋನಿನಲ್ಲಿ ಮಾತನಾಡಿದೆ. ಹಿಂಸೆ ಬಂತೆಂದರೆ ಸಂದೇಶ ಸರಿಯಾಗಿ ಮುಟ್ಟಿತೆಂದೇ ಅರ್ಥ ಎಂಬುದು ಅವರ ನಿಲುವು. ಇದನ್ನು ನಾನು ಒಪ್ಪಲಾರೆ. ಕ್ರಿಸ್ತನ ಹೆಸರಿಗಾಗಿ ಬರುವ ಕಷ್ಟ ಬೇರೆ, ನಮ್ಮ ಒರಟುತನಕ್ಕೆ ಬರುವ ಕಷ್ಟ ಬೇರೆ ಎಂದು ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರಿಕೆಯೇ ಸ್ಪಷ್ಟವಾಗಿ ಬೇರ್ಪಡಿಸಿದೆ. ಕೇಳುವವನಿಗೆ ಸಾತ್ವಿಕತೆಯಿಂದ ಉತ್ತರ ಕೊಡಬೇಕೆಂದೂ ಅದೇ ಪತ್ರಿಕೆ ಹೇಳುತ್ತದೆ. ಬೋಧಕರ ಮಾತಿಗೆ ಮಣಿಪುರದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಒಂದು ಸೆಮಿಸ್ಟರು ಹೋಯಿತು, ಏಕೆಂದರೆ ತಂದೆ ಹೆದರಿ ಅವಳನ್ನು ಊರಿಗೆ ಕರೆಸಿಕೊಂಡರು.

ಕೆಲವು ವಾರಗಳ ನಂತರ ಗದಗಿನ ಹುಡುಗನೂ ಪ್ರಶ್ನೆ ಕೇಳಿದವನೂ ಕಾಲೇಜಿನ ಹತ್ತಿರದ ಹೋಟೆಲಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತರು. ಊರಿನ ಹುಡುಗಿಯೇ ಅದನ್ನು ಏರ್ಪಡಿಸಿದ್ದಳು. ಗದಗಿನವನು ಮೊದಲು ಕೇಳಿದ್ದು, ಅಜ್ಜಿ ಹೇಗಿದ್ದರು ಎಂದು. ಅಜ್ಜಿಯ ಬಗ್ಗೆ ಬಹಳ ಹೊತ್ತು ಮಾತಾಯಿತು. ಆಮೇಲೆ ಅವನು, "ಅವರು ಎಲ್ಲಿದ್ದಾರಂತ ಹೇಳೋ ಅಧಿಕಾರ ನನಗಿಲ್ಲ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ಅನ್ಯಾಯ ಮಾಡೋದಿಲ್ಲ ಅಂತ ನಾನು ನಂಬ್ತೀನಿ, ಅಷ್ಟೇ" ಎಂದ. ಕೇಳಿದವನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಮೈಕಿನಲ್ಲಿ ಹೇಳಿದ್ದು ಸುಳ್ಳೋ, ಈಗ ಹೇಳುವುದು ಸುಳ್ಳೋ ಎಂದು ಪಟ್ಟುಹಿಡಿದು ಕೇಳಿದ. ಆ ವಾದ ಇನ್ನೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಅವನು ತನ್ನ ಮನೆಯ ನಂಬಿಕೆಯಲ್ಲೇ ಇದ್ದಾನೆ. ಆ ಸಂಜೆಯ ಗಲಾಟೆಯ ವೀಡಿಯೊ ಅಳಿಸಲು ಒಪ್ಪಲಿಲ್ಲ, ಆದರೆ ಕೊಠಡಿ ಮುಚ್ಚಬೇಕೆಂದು ತಾನು ಕೇಳಿರಲಿಲ್ಲವೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟ.

ಗುಂಪಿನವರು ತಮ್ಮೊಳಗೆ ಒಂದು ನಿರ್ಧಾರಕ್ಕೆ ಬಂದಿದ್ದಾರೆ. ಸ್ಪೀಕರು ಬೇಡ, ಬಸ್ ತಂಗುದಾಣವೂ ಬೇಡ. ಮಾತನಾಡುವುದಾದರೆ ಮೊದಲೇ ತಿಳಿಸಿ, ಬರಲು ಮನಸ್ಸಿದ್ದವರು ಮಾತ್ರ ಬರುವ ಕಡೆ, ಹದಿನೆಂಟು ತುಂಬಿದವರ ನಡುವೆ. ಹೇಳುವವನು ಅದೇ ಕಾಲೇಜಿನವನಾಗಿರಬೇಕು, ತನ್ನ ಬದುಕಿನಲ್ಲಿ ಕಂಡದ್ದನ್ನು ಹೇಳಬೇಕು, ಹೇಳಿದಷ್ಟೇ ಹೊತ್ತು ಪ್ರಶ್ನೆಗೂ ಇಡಬೇಕು, ಕೊನೆಯ ಪ್ರಶ್ನೆ ಮುಗಿಯುವವರೆಗೆ ಕೂತಿರಬೇಕು. ಇನ್ನೊಬ್ಬರ ದೈವದೇವರನ್ನಾಗಲಿ ತೀರಿಕೊಂಡವರನ್ನಾಗಲಿ ಎತ್ತಿ ಆಡಬಾರದು. ಕೇಳಿದವರಿಗಷ್ಟೇ ಪುಸ್ತಕ. ಹೊರಗಿನ ಬೋಧಕರು ಬಂದರೆ ಗುಂಪಿಗೆ ಕಲಿಸಬಹುದು, ಎಲ್ಲಿ ಹೇಗೆ ಮಾತನಾಡಬೇಕೆಂಬುದನ್ನು ತೀರ್ಮಾನಿಸುವವರು ಊರಿನವರು. ಈ ಕೊನೆಯ ಮಾತನ್ನು ಬರೆಯಿಸಿದವಳು ಆ ಹುಡುಗಿ, ಈಗ ಗುಂಪಿನ ಕಾರ್ಯದರ್ಶಿಯೂ ಅವಳೇ.

ಕಾಲೇಜು ಕೊಠಡಿಯನ್ನು ಮರಳಿ ಕೊಡಲು ಒಪ್ಪಿದೆ, ಆದರೆ ಬಂದವರೆಲ್ಲರ ಹೆಸರು, ಧರ್ಮ ಬರೆದ ಪಟ್ಟಿಯನ್ನು ಪ್ರತಿ ವಾರ ಕಚೇರಿಗೆ ಕೊಡಬೇಕೆಂಬ ಷರತ್ತು ಹಾಕಿದೆ. ವಿದ್ಯಾರ್ಥಿಗಳು ಇದಕ್ಕೆ ಒಪ್ಪಿಲ್ಲ, ನಾನೂ ಅವರ ಪರವಾಗಿದ್ದೇನೆ. ಅಂಥ ಪಟ್ಟಿ ಯಾರ ಕೈ ಸೇರೀತೆಂದು ಹೇಳಲಾಗದು, ಹಿಂದಿನ ಬೆಂಚಿನಲ್ಲಿ ಹಾಡು ಕೇಳಿ ಹೋಗುತ್ತಿದ್ದವರು ಮತ್ತೆ ಆ ಕಡೆ ಸುಳಿಯಲಾರರು. ಯಕ್ಷಗಾನ ತಂಡಕ್ಕೂ ಎನ್‌ಎಸ್‌ಎಸ್‌ಗೂ ಇರುವ ನಿಯಮವನ್ನೇ ಇವರಿಗೂ ಅನ್ವಯಿಸಿ, ಒಬ್ಬ ಅಧ್ಯಾಪಕರು ಜೊತೆಗಿದ್ದರೆ ಸಾಕು ಎಂದು ಪ್ರಾಂಶುಪಾಲರಿಗೆ ಪತ್ರ ಬರೆದಿದ್ದೇವೆ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.